ಹುಳುಗಳಿಗೆ ಬಿಟ್ಟ ಮೂಲೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತೊಡೆಮಟ್ಟದ ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬರು ಕೆರೆಯಂಚಿನ ಕೆಸರಿನಲ್ಲಿ ನಿಂತು, ನೇರಳೆ ಹೂವಿನ ಜಲಕಳೆಯನ್ನು ಬೇರುಸಮೇತ ಕಿತ್ತು ದೋಣಿಗೆ ಎಸೆಯುತ್ತಿದ್ದಾರೆ. ಒಂದು ಎಲೆಯನ್ನು ಮಾತ್ರ ಎಸೆಯದೆ ಕಣ್ಣ ಹತ್ತಿರ ಹಿಡಿಯುತ್ತಾರೆ. ಅದರ ಮೇಲೆ ಅಕ್ಕಿಕಾಳಿನಷ್ಟು ಕಂದು ಮೂತಿಹುಳು, ಈ ಕಳೆಯನ್ನೇ ತಿಂದು ಬದುಕುವಂಥದ್ದು.

"ಡ್ಯೂಟಿ ಬಿಟ್ಟು ಇಲ್ಲಿಗ್ಯಾಕಪ್ಪಾ ಬಂದೆ?" ಎನ್ನುತ್ತಾ ಅದನ್ನು ಡಬ್ಬಿಗೆ ಹಾಕಿಕೊಳ್ಳುತ್ತಾರೆ.

ಜೊತೆಯವರ ಬಾಯಲ್ಲಿ ಇವರು ಕಳೆಯಕ್ಕ. ವಯಸ್ಸು ಐವತ್ತಮೂರು, ಹತ್ತೊಂಬತ್ತು ವರ್ಷಗಳಿಂದ ದಿನಗೂಲಿ. ದಿನಕ್ಕೆ ನಲವತ್ತು ಬುಟ್ಟಿ ಕಳೆ ಎತ್ತುತ್ತಾರೆ. ಬೆರಳ ಸಂದುಗಳು ಬಿರಿದಿವೆ, ಮಂಡಿ ಮಾತು ಕೇಳುವುದಿಲ್ಲ, ನಾಲಿಗೆ ಮಾತ್ರ ಚುರುಕಾಗಿದೆ.

ಒಂದೇ ಮದ್ದನ್ನು ನಂಬಬಾರದು ಎಂಬುದು ಇವರ ಹಟ. ಅಂಚಿನ ಕಳೆಗೆ ಕೈ, ನಡುನೀರಿನದಕ್ಕೆ ಹುಳು, ಬೇಸಿಗೆಯಲ್ಲಿ ತೂಬು. ತೂಬು ನೋಡಿಕೊಳ್ಳುವ ಮೈದುನ ನೀರಿಳಿಸಿದರೆ ಕಳೆ ಕೆಸರಿನ ಮೇಲೆ ಕುಳಿತು ಒಣಗುತ್ತದೆ. ಜೊಂಡನ್ನು ಬುಡಕ್ಕೆ ಕೊಯ್ದು ಮತ್ತೆ ನೀರೇರಿಸಿದರೆ ಮೋಟುಗಳು ಉಸಿರುಕಟ್ಟಿ ಕೊಳೆಯುತ್ತವೆ.

ಇದನ್ನು ಕಲಿತದ್ದು ಎಡವಿಯೇ. ಏಳು ವರ್ಷದ ಹಿಂದೆ ಮೈಮುರಿದು ದುಡಿದು ಒಂದೆಲೆಯೂ ಉಳಿಯದಂತೆ ಕೆರೆ ಬಳಿದರು. ಚಪ್ಪಾಳೆ ಬಿತ್ತು, ಫೋಟೊ ತೆಗೆದರು. ತಿನ್ನಲು ಏನೂ ಸಿಗದೆ ಹುಳುಗಳು ಸತ್ತವು, ಕೆಸರಿನಲ್ಲಿದ್ದ ಬೀಜ ಮೊಳೆಯಿತು, ಮರುವರ್ಷ ಕಳೆ ಮುಚ್ಚಿ ನೀರೇ ಕಾಣಲಿಲ್ಲ. "ಕಳ್ಳನ ಜೊತೆ ಕಾವಲಿನವನನ್ನೂ ಓಡಿಸಿದ್ದೆ. ತಪ್ಪು ನಂದೇ, ಯಾರ ತಲೆಗೂ ಕಟ್ಟಲ್ಲ."

ಅಂದಿನಿಂದ ಒಂದು ಮೂಲೆಯಲ್ಲಿ ಹತ್ತು ಮಾರು ಕಳೆಯನ್ನು, ತೇಲುವ ಹಗ್ಗ ಸುತ್ತಿ, ಹುಳುಗಳಿಗೆಂದೇ ಉಳಿಸುತ್ತಾರೆ. ಈಗ ಆ ಮೂಲೆಗೇ ಕುತ್ತು ಬಂದಿದೆ. ಸೋಮವಾರ ಮೇಲಧಿಕಾರಿಗಳ ತಪಾಸಣೆ. ಹೊಸ ಮೇಲ್ವಿಚಾರಕರ ಕಣ್ಣಿಗೆ ಅದು ಮುಗಿಯದ ಕೆಲಸ. ಅವರು ಬೆಳಿಗ್ಗೆಯೇ ಕಳೆ ಸುಡುವ ಔಷಧದ ಪಂಪು ಹೊರಿಸಿಕೊಂಡು ಬಂದಿದ್ದಾರೆ.

"ಪಕ್ಕಕ್ಕೆ ಬನ್ನಿ ಅಕ್ಕ, ಅರ್ಧ ಗಂಟೆ ಕೆಲಸ."

"ಅರ್ಧ ಗಂಟೇಲಿ ಮುಗಿಯುತ್ತೆ ಸರ್. ಮುಂದಿನ ವರ್ಷ ನೀವು ವರ್ಗ ಆಗಿರ್ತೀರಿ, ಕೀಳೋಳು ನಾನು."

"ನಾಳೆಯಿಂದ ಕೆಲಸಕ್ಕೆ ಬರೋದು ಬೇಡ ಅಂದ್ರೆ?"

ಕಳೆಯಕ್ಕ ದೋಣಿ ಹತ್ತುತ್ತಾರೆ. ಅದನ್ನು ಹಗ್ಗದ ಒಳಕ್ಕೆ ನೂಕಿ, ಕಳೆಯ ನಟ್ಟನಡುವೆ ಕಾಲು ಚಾಚಿ ಕೂರುತ್ತಾರೆ. ಡಬ್ಬಿ ತೆರೆದು ಹುಳುಗಳನ್ನು ಒಂದೊಂದಾಗಿ ಎಲೆಗಳ ಮೇಲೆ ಬಿಡುತ್ತಾರೆ. "ಕೆಲಸದಿಂದ ತೆಗೀರಿ, ಇಲ್ಲಿಂದ ಏಳಲ್ಲ. ಹೊಡಿಯೋದಾದ್ರೆ ನನ್ನ ಮೇಲೇ ಹೊಡೀರಿ." ದಡದಲ್ಲಿ ಪಂಪು ಹೊತ್ತವನು ಮೇಲ್ವಿಚಾರಕರ ಮುಖ ನೋಡುತ್ತಾನೆ. ಅವರು ಗಡಿಯಾರ ನೋಡಿಕೊಳ್ಳುತ್ತಾರೆ. "ಸೋಮವಾರ ಬರ್ತಾರಲ್ಲ, ಅವರಿಗೇ ಉತ್ತರ ಹೇಳಿ" ಎಂದು ಸಿಡುಕಿ ಹೊರಡುತ್ತಾರೆ.

"ಹೇಳ್ತೀನಿ. ಮಿಕ್ಕ ಕೆರೆ ಯಾಕೆ ತಿಳಿಯಾಗಿದೆ ಅಂತ ಅವರು ಕೇಳಿದ್ರೆ ಸಾಕು, ಈ ಮೂಲೆಗೇ ಕರ್ಕೊಂಡು ಬರ್ತೀನಿ." ಈ ಮೂಲೆಗೊಂದು ಫಲಕ ಹಾಕಿ ಅದರಲ್ಲಿ ನಿಮ್ಮ ಹೆಸರು ಬರೆಸೋಣವೇ ಎಂದು ಜೊತೆಯವರು ಕೇಳಿದರೆ ನಗುತ್ತಾರೆ. ಫಲಕ ಆಗಲೇ ದೋಣಿಯಲ್ಲಿದೆ, ಬಣ್ಣ ಇನ್ನೂ ಹಸಿ. ಹಗ್ಗದ ಗೂಟಕ್ಕೆ ಅದನ್ನು ಬಿಗಿಯಾಗಿ ಕಟ್ಟುತ್ತಾರೆ. ಅದರಲ್ಲಿ ಇರುವುದು ಇಷ್ಟೇ: ಹುಳುಗಳು ಕೆಲಸದಲ್ಲಿವೆ.