ಗೌರಿ ಮನೆ ಬಿಟ್ಟು ಹೋಗುತ್ತಿದ್ದ ದಿನಗಳು

ಮುಂಬಾಗಿಲ ಕೆಳಗಿನ ಅಂಚಿಗೆ ಗೆದ್ದಲು ಹಿಡಿದಿದೆಯೆಂದು ಇವತ್ತು ಬಡಿಗನನ್ನು ಕರೆಸಿದ್ದೆ. ಬೆಳಗಿನಿಂದ ಮನೆಯ ತುಂಬ ಕಟ್ಟಿಗೆ ಪುಡಿಯ ವಾಸನೆ. ಬಡಿಗ ಮೌನೇಶ ಯಾದಗಿರಿ ಕಡೆಯವನು. ಹೈದರಾಬಾದಿನ ಈ ಬಾಲಾನಗರದ ಗಲ್ಲಿಯಲ್ಲಿ ಕನ್ನಡ ಮಾತಾಡುವ ಮನೆಯೊಂದು ಸಿಕ್ಕಿತೆಂಬ ಸಂತೋಷಕ್ಕೆ ಅವನ ಕೈಗಿಂತ ಬಾಯಿಯೇ ಜೋರಾಗಿ ಓಡುತ್ತಿತ್ತು. ಬಾಗಿಲನ್ನು ಚೌಕಟ್ಟಿನಿಂದ ಬಿಡಿಸಿ ಪಡಸಾಲೆಯಲ್ಲಿ ಅಡ್ಡ ಮಲಗಿಸಿದವನು ಮಾತು ನಿಲ್ಲಿಸಿ ಅದನ್ನೇ ನೋಡತೊಡಗಿದ. ಒಳಮೈಯಲ್ಲಿ ಮೇಲಿನಿಂದ ಕೆಳಗಿನವರೆಗೆ ಹಳೆಯ ಸ್ಕ್ರೂಗಳ ತೂತುಗಳು.

"ಏನ್ರೀ ಸರ, ಇಷ್ಟು ಚಿಲಕ ಹೊಡಿಸಿದ್ರೇನು? ಕಳ್ಳರ ಕಾಟ ಭಾಳ ಇತ್ತೇನ್ರಿ?"

"ಹೂಂ, ಒಂದಿಷ್ಟು ದಿನ ಇತ್ತಪಾ," ಎಂದೆ.

ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವ ಸದ್ದು ನಿಂತಿತು. ನನ್ನ ಹೆಂಡತಿ ಸುಮಂಗಲಾಳಿಗೆ ಕೇಳಿಸಿತ್ತು. ಸ್ವಲ್ಪ ಹೊತ್ತಾದ ಮೇಲೆ ಸದ್ದು ಮತ್ತೆ ಶುರುವಾಯಿತು.

ಮೌನೇಶನಿಗೆ ಸುಳ್ಳು ಹೇಳಿದ್ದಾಯಿತು, ನಿಮಗೆ ಸುಳ್ಳು ಹೇಳುವುದಿಲ್ಲ. ಆ ಚಿಲಕಗಳು ಹೊರಗಿನವರು ಒಳಗೆ ಬರಬಾರದೆಂದು ಹಾಕಿಸಿದವಲ್ಲ. ಒಳಗಿದ್ದ ನಮ್ಮ ಮಗಳು ಗೌರಿ ಹೊರಗೆ ಹೋಗಬಾರದೆಂದು ಹಾಕಿಸಿದವು.

ನಾನು ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ತಪಾಸಣೆಯ ಕೆಲಸದವನು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಿದ್ದ ಮಾಲನ್ನು ಪಕ್ಕಕ್ಕಿಡುವುದು, ತಪ್ಪು ಎಲ್ಲಿದೆಯೆಂದು ಬೆರಳಿಟ್ಟು ತೋರಿಸುವುದು, ಇಷ್ಟಕ್ಕೇ ನನಗೆ ಸಂಬಳ. ಅಂಥವನ ಮನೆಯಲ್ಲೇ ಹದಿನೈದರ ಹುಡುಗಿಯೊಬ್ಬಳು ಮತ್ತೆ ಮತ್ತೆ ಓಡಿಹೋದರೆ ನಾನು ಬೆರಳಿಡುವುದಾದರೂ ಎಲ್ಲಿ? ಗಂಡಹೆಂಡತಿ ಜಗಳವಾಡುತ್ತಿದ್ದೆವು, ಎಲ್ಲರೂ ಆಡುವಷ್ಟು. ಓದು ಎಂದು ಹೇಳುತ್ತಿದ್ದೆವು, ಎಲ್ಲರೂ ಹೇಳುವಷ್ಟು. ನಮ್ಮಜ್ಜ ನಿಜಾಮರ ಕಾಲಕ್ಕೆ ಸರ್ಕಾರಿ ನೌಕರಿಗೆಂದು ರಾಯಚೂರಿನಿಂದ ಬಂದು ಇಲ್ಲೇ ನಿಂತವರು. ಅಂದಿನಿಂದ ನಮ್ಮದು ಮನೆಯಲ್ಲಿ ಕನ್ನಡ, ಗೇಟಿನಾಚೆ ತೆಲುಗು, ಬಜಾರಿನಲ್ಲಿ ಹಿಂದಿ. ಮೂರು ಭಾಷೆಯಲ್ಲಿ ಯೋಚಿಸಿ ನೋಡಿದರೂ ನನಗೆ ಕಾರಣ ಹೊಳೆಯಲಿಲ್ಲ.

ಮೊದಲ ಸಲ ಶಾಲೆಯಿಂದ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಗೆಳತಿಯರ ಮನೆಗಳಿಗೆಲ್ಲ ಫೋನು ಮಾಡಿ, ಶಾಲೆಯ ಸುತ್ತ ತಿರುಗಿ ಬರುವ ಹೊತ್ತಿಗೆ ವಿಕಾರಾಬಾದ್ ರೈಲ್ವೆ ಪೊಲೀಸರಿಂದ ಕರೆ ಬಂತು. ಹೋಗಿ ನೋಡಿದರೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕಾಲು ಆಡಿಸುತ್ತ ಪೇರಲಹಣ್ಣು ತಿನ್ನುತ್ತಿದ್ದಳು. ಅಳುವಿನ ಗುರುತಿಲ್ಲ, ಹೆದರಿಕೆಯೂ ಇಲ್ಲ. ನಮ್ಮನ್ನು ನೋಡಿ ಎದ್ದು ನಿಂತಳು, ಬಸ್ಸು ಬಂದಾಗ ಏಳುವಂತೆ.

"ಯಾಕ ಬಂದಿಯವ್ವಾ ಇಲ್ಲಿ?" ಎಂದು ಸುಮಂಗಲಾ ಅವಳ ಎರಡೂ ತೋಳು ಹಿಡಿದು ಕೇಳಿದಳು.

"ಗೊತ್ತಿಲ್ಲಮ್ಮಾ. ಬಂದೆ."

ವಯಸ್ಸಿನ ಹುಚ್ಚು ಎಂದುಕೊಂಡೆವು. ಮರಳುವಾಗ ಅವಳಿಗೆ ಬಿರಿಯಾನಿ ಕೊಡಿಸಿ, ಇದನ್ನು ಯಾರಿಗೂ ಹೇಳುವುದು ಬೇಡವೆಂದು ಮೂವರೂ ಒಪ್ಪಂದ ಮಾಡಿಕೊಂಡೆವು. ದೊಡ್ಡದೊಂದು ವಿಷಯ ಸುಲಭದಲ್ಲಿ ಮುಗಿಯಿತೆಂಬ ಹಗುರದಲ್ಲಿ ನಾನು ತಮಾಷೆಯನ್ನೂ ಮಾಡಿದೆನೆಂದು ನೆನಪು.

ಎರಡನೆಯ ಸಲ ಟ್ಯೂಷನ್ನಿನಿಂದ ಹೋದವಳು ಮರುದಿನ ಮಧ್ಯಾಹ್ನ ನಾಚಾರಂನಲ್ಲಿದ್ದ ಹಳೆಯ ಸಹಪಾಠಿಯ ಮನೆಯಲ್ಲಿ ಸಿಕ್ಕಳು. ಈ ನಡುವೆ ನಾವು ಠಾಣೆಯ ಮೆಟ್ಟಿಲು ಹತ್ತಿಯಾಗಿತ್ತು. ಅಲ್ಲಿದ್ದ ಮಹಿಳಾ ಎಸ್‌ಐ ಒಳ್ಳೆಯ ಹೆಂಗಸು, ಸುಮಂಗಲಾಳಿಗೆ ನೀರು ಕೊಟ್ಟು, ದನಿ ತಗ್ಗಿಸಿ, "ಲವ್ ಮ್ಯಾಟರಾ ಸಾರ್?" ಎಂದು ಕೇಳಿದಳು. ರಾಯಚೂರಿನಿಂದ ನಮ್ಮಕ್ಕ ಫೋನಿನಲ್ಲಿ ಕೇಳಿದ್ದೂ ಅದನ್ನೇ: "ಯಾರರ ಹುಡುಗ ಇದ್ದಾನೇನು, ಸಮಾಧಾನದಿಂದ ಕೇಳು." ಕೇಳಿದೆವು. ಇರಲಿಲ್ಲ. ನಿಮಗೆ ವಿಚಿತ್ರವೆನಿಸಬಹುದು, ಯಾವನಾದರೂ ಒಬ್ಬ ಹುಡುಗ ಇರಬಾರದಿತ್ತೇ ಎಂದು ನಾನು ಒಳಗೊಳಗೇ ಹಾರೈಸಿದ್ದೇನೆ. ಅವನಿಗೆ ಬೈಯಬಹುದಿತ್ತು, ಅವನಪ್ಪನ ಹತ್ತಿರ ಹೋಗಿ ಕೂಗಾಡಬಹುದಿತ್ತು. ಮಗಳಿಗೊಬ್ಬ ಪ್ರಿಯಕರನಿರಲಿ ಎಂದು ದೇವರಿಗೆ ಕೈಮುಗಿದ ತಂದೆ ಈ ಊರಲ್ಲಿ ನಾನೊಬ್ಬನೇ ಇರಬೇಕು.

ಚಿಲಕಗಳು ಆಗ ಬಂದವು. ಕೆಳಗೊಂದು, ನಡುವೆ ಇನ್ನೊಂದು, ಅವಳ ಕೈಗೆ ಎಟುಕದಂತೆ ತುದಿಯಲ್ಲಿ ಮತ್ತೊಂದು. ಅವಳು ಸ್ಟೂಲು ಹತ್ತಿ ತೆಗೆದಳು. ಬೀಗ ಹಾಕಿದೆವು, ಕೀಲಿಕೈಯನ್ನು ಸುಮಂಗಲಾ ತಾಳಿಸರಕ್ಕೆ ಕಟ್ಟಿಕೊಂಡಳು. ಸ್ನಾನ ಮಾಡುವಾಗಲೂ ಅದು ಅವಳ ಎದೆಯ ಮೇಲೇ. ನಾನು ಇನ್ನೂ ಬುದ್ಧಿವಂತನಾಗಿ ಗೌರಿಯ ಚಪ್ಪಲಿ, ಶೂಗಳನ್ನೆಲ್ಲ ಕಪಾಟಿನ ಮೇಲೆ ಬಚ್ಚಿಟ್ಟೆ. ಹಾಲಿನವನಿಗೆಂದು ಬಾಗಿಲು ತೆರೆದ ಗಳಿಗೆಯಲ್ಲಿ ಅವಳು ನನ್ನ ಕಾರ್ಖಾನೆಯ ಬೂಟು ಮೆಟ್ಟಿಕೊಂಡು ಹೊರಟುಹೋದಳು. ಮುಂದೆ ಕಬ್ಬಿಣದ ಮೂತಿಯಿರುವ ಭಾರೀ ಬೂಟು. ಅವಳ ಪಾದಕ್ಕೆ ದೋಣಿಯಷ್ಟು ದೊಡ್ಡದು. ಜೀಡಿಮೆಟ್ಲಾದವರೆಗೆ ನಡೆದಿದ್ದಳು. ಔಷಧಿ ಕಾರ್ಖಾನೆಯೊಂದರ ಗೇಟಿನೆದುರು ನಾನು ಸ್ಕೂಟರು ನಿಲ್ಲಿಸಿದಾಗ ಹಿಮ್ಮಡಿ ಸುಲಿದು ಕುಂಟುತ್ತಿದ್ದಳು. ನನಗೆ ನಗು ಬಂತು. ಅವಳಿಗೂ ಬಂತು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ತುಂಬಿ, ಅದು ಎಲ್ಲಿಂದ ಅಳುವಾಯಿತೋ ತಿಳಿಯದೆ ನಾನು ಬೂಟಿನ ದಾರ ಬಿಚ್ಚುತ್ತ ಕೂತೆ.

ಆ ಸಂಜೆ ಸುಮಂಗಲಾ ಸರದಿಂದ ಕೀಲಿಕೈ ಬಿಚ್ಚಿ ನನ್ನೆದುರಿಗಿಟ್ಟಳು.

"ಇದು ಮನಿನೋ ಜೇಲೋ ನನಗ ತಿಳಿವಲ್ದುರೀ. ಆಕಿ ಹೋಗ್ತಾಳಂತ ಅಂಜಿ ಅಂಜಿ ನಾವs ಒಳಗ ಸಿಕ್ಕೊಂಡೀವಿ. ನಾಳಿಂದ ಬೀಗ ಹಾಕಂಗಿಲ್ಲ ನಾ."

ಬೀಗ ತೆಗೆದೆವು, ಮರುವಾರ ಗೌರಿಯನ್ನು ಮನೋರೋಗದ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಆ ಡಾಕ್ಟರಮ್ಮ ನಮ್ಮನ್ನು ಹೊರಗೆ ಕೂರಿಸಿ ಮಗಳೊಡನೆ ಬಹಳ ಹೊತ್ತು ಮಾತಾಡಿದರು. ಆಮೇಲೆ ಕಾಯಿಲೆಗೊಂದು ಹೆಸರು ಹೇಳಿದರು, ಮಾತ್ರೆ ಬರೆದುಕೊಟ್ಟರು. ಹೆಸರು ಸಿಕ್ಕಿತೆಂದು ಒಂದೆರಡು ದಿನ ನನಗೆ ಸಮಾಧಾನವಿತ್ತು. ಆಮೇಲೆ ನೋಡಿದರೆ ಹೆಸರಿನಿಂದ ಏನೂ ತಿಳಿದಿರಲಿಲ್ಲ. ಆದರೆ ಅವರು ಹಿಂದಿಯಲ್ಲಿ ಹೇಳಿದ ಒಂದು ಮಾತು ಮನಸ್ಸಿನಲ್ಲಿ ಉಳಿಯಿತು. ಯಾಕೆ ಹೋದೆ ಎಂದು ಕೇಳಬೇಡಿ, ಉತ್ತರ ಗೊತ್ತಿದ್ದೂ ಅವಳು ಮುಚ್ಚಿಡುತ್ತಿಲ್ಲ. ಹೋಗುವ ಮುಂಚೆ ಹೇಗನಿಸುತ್ತದೆಂದು ಬೇಕಾದರೆ ಕೇಳಿ ಎಂದಿದ್ದರು.

ಕೇಳಿದೆ. ಗೌರಿ ಗೋಡೆ ನೋಡುತ್ತ ಹೇಳಿದಳು: "ಸಂಜಿ ಮುಂದ ಮನಿ ಸಣ್ಣದಾಗ್ತೈತಿ ಅಪ್ಪಾ. ನೀವೆಲ್ಲಾ ಮಾತಾಡೋದು ಬ್ಯಾರೆ ಎಲ್ಲಿಂದೋ ಕೇಳ್ತೈತಿ. ಆಮ್ಯಾಲ ಕಾಲು ತಾವs ಎದ್ದು ನಿಲ್ತಾವ. ನಡಿಯಾಕತ್ತಿದ್ರ ಸುಮ್ನಾಗ್ತೈತಿ."

ಅರ್ಥವಾಯಿತೇ ಎಂದು ನೀವು ಕೇಳಿದರೆ ಇಲ್ಲವೆನ್ನಬೇಕು. ಆ ರಾತ್ರಿ ಊಟ ಮಾಡುತ್ತ ನಮ್ಮ ಪಡಸಾಲೆಯನ್ನು ಅಳೆಯುವವನಂತೆ ನೋಡಿದೆ. ಇದ್ದಷ್ಟೇ ಇತ್ತು.

ಕೆಲವು ದಿನಗಳ ನಂತರ, ನಾನು ಚಹಾ ಕುಡಿಯುತ್ತಿದ್ದಾಗ, ಗೌರಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು. ಮುಖ ಬಿಳಿಚಿತ್ತು. ಸುಮಂಗಲಾ ಓಡಿ ಬಂದು ಅಡ್ಡ ನಿಲ್ಲುವುದರೊಳಗೆ ನನ್ನ ಬಾಯಿಂದ, "ತಡಿ, ನಾನೂ ಬರ್ತೀನಿ," ಎಂಬ ಮಾತು ಹೊರಬಿತ್ತು.

ಗೌರಿ ನನ್ನನ್ನು ಮೇಲೆ ಕೆಳಗೆ ನೋಡಿದಳು. "ನೀ ಬಂದ್ರ ಅದು ಓಡಿ ಹೋಗೋದು ಹೆಂಗ ಆಗ್ತೈತಿ?"

"ಜೋಡಿ ಬರಂಗಿಲ್ಲ. ಹಿಂದ ಬರ್ತೀನಿ. ಮಾತಾಡಂಗಿಲ್ಲ."

ಅವಳು ಹೊರಟಳು, ನಾನು ಹಿಂದೆ. ಬಸ್ಸು ಹತ್ತಿದಳು. ನಮ್ಮೂರ ಸಿಟಿ ಬಸ್ಸಿನಲ್ಲಿ ಹೆಂಗಸರಿಗೆ ಮುಂದಿನ ಸೀಟು, ಗಂಡಸರಿಗೆ ಹಿಂದಿನದು. ಆ ಕಟ್ಟಳೆ ನಮಗೆಂದೇ ಮಾಡಿದಂತಿತ್ತು. ಅವಳ ಎರಡು ಜಡೆ ನೋಡುತ್ತ ನಿಂತೆ. ಸಿಕಂದರಾಬಾದಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದಳು, ನಾನೂ ಹತ್ತಿದೆ. ಕಂಡಕ್ಟರ್ ಎಲ್ಲಿಗೆಂದು ಕೇಳಿದಾಗ ಆ ಹುಡುಗಿ ಎಲ್ಲಿಗೆ ಟಿಕೆಟು ತೆಗೆದುಕೊಂಡಳೋ ಅಲ್ಲಿಗೆ ಎಂದುಬಿಟ್ಟೆ. ಅವನು ನನ್ನನ್ನು ಎಂಥವನೆಂದುಕೊಂಡನೋ, ಕತ್ತು ಹಿಡಿದು ಇಳಿಸುವ ಹವಣಿಕೆಯಲ್ಲಿದ್ದ. ಮುಂದಿನ ಸೀಟಿನಿಂದ ಗೌರಿ ತಿರುಗಿ, "ಮಾ ನಾನ್ನ," ನಮ್ಮಪ್ಪ, ಎಂದು ತೆಲುಗಿನಲ್ಲಿ ಕೂಗಿ ಹೇಳಿದಳು. ಬಸ್ಸಿಗೆ ಬಸ್ಸೇ ನನ್ನತ್ತ ನೋಡಿತು.

ಕೊನೆಯ ಸ್ಟಾಪಿನಲ್ಲಿ ಇಳಿದು ಬಂಡಿಯೊಂದರಲ್ಲಿ ಮಿರ್ಚಿ ಭಜಿ ಕೊಂಡು, ಒಂದನ್ನು ನನ್ನ ಕೈಗಿಟ್ಟು, ಮತ್ತೆ ಮುಂದೆ ನಡೆದಳು. ಕತ್ತಲಾಗುವ ಮುಂಚೆ ತಾನೇ ತಿರುಗಿ ನಿಂತು, "ಸಾಕು ಅಪ್ಪಾ," ಎಂದಳು.

ಹೀಗೆ ಎಷ್ಟೋ ಸಂಜೆಗಳು. ಊರಲ್ಲಿ ನನಗೆ ಗೊತ್ತಿಲ್ಲದ ಗಲ್ಲಿಗಳನ್ನೆಲ್ಲ ಅವಳ ಬೆನ್ನ ಹಿಂದೆ ನೋಡಿದೆ. ಉಪಾಯ ಸಿಕ್ಕಿತೆಂದು ಒಳಗೇ ಬೀಗಿದೆ. ಕಾರ್ಖಾನೆಯಲ್ಲಿ ಒಬ್ಬರಿಗೆ ಮಕ್ಕಳನ್ನು ಹೇಗೆ ನೋಡಿಕೊಳ್ಳಬೇಕೆಂದು ಉಪದೇಶವನ್ನೂ ಕೊಟ್ಟಿದ್ದೆ.

ಆಮೇಲೆ ಒಂದು ದಿನ ನಾನು ಎರಡನೇ ಪಾಳಿಯಲ್ಲಿದ್ದಾಗ ಅವಳು ಹೋದಳು. ಈ ಸಲ ಸಂಜೆಗೆ ಸಿಗಲಿಲ್ಲ, ಮರುದಿನವೂ ಇಲ್ಲ, ಅದರಾಚೆಗೂ ಇಲ್ಲ. ಠಾಣೆಯವರು ಆಸ್ಪತ್ರೆಗಳಲ್ಲೂ ನೋಡಿ ಬನ್ನಿ ಎಂದರು. ಆಸ್ಪತ್ರೆಯ ಯಾವ ಭಾಗದಲ್ಲಿ ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಸುಮಂಗಲಾ ಒಲೆ ಹಚ್ಚುತ್ತಿರಲಿಲ್ಲ. ಫೋನು ರಿಂಗಾದರೆ ಇಬ್ಬರೂ ಅದನ್ನು ನೋಡುತ್ತಿದ್ದೆವು, ಮುಟ್ಟಲು ಯಾರಿಗೂ ಧೈರ್ಯವಿಲ್ಲ. ಕೊನೆಗೆ ಸೋಲಾಪುರದ ಬಾಲಕಿಯರ ಗೃಹವೊಂದರಿಂದ ಕರೆ ಬಂತು. ಹೋದೆವು. ಕೂದಲು ಗಂಟುಗಂಟಾಗಿ, ಮೊಣಕೈ ತರಚಿ, ಯಾರದೋ ಸಡಿಲ ಚೂಡಿದಾರ ತೊಟ್ಟು ಗೌರಿ ಹೊರಗೆ ಬಂದಳು. ಏನೂ ಆಗಿಲ್ಲವೆಂದು ಅಲ್ಲಿಯ ಮೇಲ್ವಿಚಾರಕಿ ಮರಾಠಿಯಲ್ಲಿ ಎರಡೆರಡು ಸಲ ಹೇಳಿದರು. ಸುಮಂಗಲಾ ಮಗಳ ಮೈಯೆಲ್ಲ ಸವರುತ್ತಿದ್ದಳು. ಗೌರಿ ಅವಳ ಭುಜದ ಮೇಲಿಂದ ನನ್ನನ್ನು ನೋಡಿ ಅಂದಳು:

"ಈ ಸಲ ನೀ ಹಿಂದ ಬರಲೇ ಇಲ್ಲ."

ದೂರೋ, ಬರೀ ಸುದ್ದಿಯೋ ಇಂದಿಗೂ ತಿಳಿದಿಲ್ಲ. ರೈಲಿನಲ್ಲಿ ಬರುತ್ತ ಅದನ್ನೇ ತಿರುವಿ ಮುರುವಿ ನೋಡಿದೆ. ಅವಳು ನಮ್ಮಿಂದ ದೂರ ಹೋಗುತ್ತಿದ್ದಳೋ, ಯಾರಾದರೂ ಹಿಂದೆ ಬರಲೆಂದು ಹೋಗುತ್ತಿದ್ದಳೋ? ಹಿಂದೆ ಹೋಗಿ ನಾನು ಅವಳನ್ನು ಉಳಿಸಿದೆನೋ, ಇನ್ನೂ ದೂರ ಹೋಗುವ ಧೈರ್ಯ ಕಲಿಸಿದೆನೋ? ವಾಡಿ ಬಂತು, ತಾಂಡೂರು ಬಂತು. ಗೌರಿ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಳು. ಯಾವ ಲೆಕ್ಕಕ್ಕೂ ಉತ್ತರ ಬರಲಿಲ್ಲ.

ಅದಾದ ಮೇಲೆ ಅವಳು ಹೋಗಲಿಲ್ಲ. ಬಾಗಿಲವರೆಗೆ ಬಂದು ನಿಂತದ್ದುಂಟು, ಗೇಟಿನಿಂದ ಮರಳಿದ್ದುಂಟು. ಮಾತ್ರೆಯಿಂದ ನಿಂತಿತೋ, ವಯಸ್ಸಿನಿಂದಲೋ, ಸೋಲಾಪುರದಲ್ಲಿ ಕಂಡ ಯಾವುದೋ ಒಂದರಿಂದಲೋ ಹೇಳಲಾರೆ. ಈಗ ಅವಳು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ರಕ್ತ ಪರೀಕ್ಷೆ, ಪಾಳಿಯ ಡ್ಯೂಟಿ. ಮನೆಗೆ ಹೊತ್ತಿಗೆ ಸರಿಯಾಗಿ ಬರುತ್ತಾಳೆ. ನಾವು ಆ ದಿನಗಳ ಮಾತೆತ್ತುವುದಿಲ್ಲ. ಯಾಕೆ ಶುರುವಾಯಿತೆಂದು ತಿಳಿಯದಿದ್ದುದಕ್ಕೆ ಹೇಗೋ ಒಗ್ಗಿಕೊಂಡೆ. ಯಾಕೆ ನಿಂತಿತೆಂದು ತಿಳಿಯದಿರುವುದೇ ಹೆಚ್ಚು ಅಂಜಿಕೆ.

ಇವತ್ತು ಮೌನೇಶ ಊಟಕ್ಕೆಂದು ಹೋದ ಮೇಲೆ ನಾನು ಪಡಸಾಲೆಯಲ್ಲಿ ಒಬ್ಬನೇ ಕೂತಿದ್ದೆ. ಸುಮಂಗಲಾ ಒಳಗೆ ಮಲಗಿದ್ದಳು. ಏನಾಯಿತೆಂದು ಹೇಳಲು ಬರುವುದಿಲ್ಲ. ಎದ್ದೆ, ಚಪ್ಪಲಿ ಮೆಟ್ಟಿದೆ, ನಡೆದೆ. ಭಾನುವಾರ, ವರ್ಕ್‌ಶಾಪುಗಳ ಶಟರು ಇಳಿದಿದ್ದವು. ಬಂದ ಬಸ್ಸು ಹತ್ತಿದೆ, ಇಳಿಯಬೇಕೆನಿಸಿದಲ್ಲಿ ಇಳಿದೆ. ಎದುರಿಗೆ ಮೌಲಾಲಿಯ ಗುಡ್ಡ. ರಸ್ತೆ ಬದಿಯ ಸಿಮೆಂಟು ಕಟ್ಟೆಯ ಮೇಲೆ ಬಿಸಿಲಲ್ಲೇ ಕೂತೆ.

ಫೋನು ರಿಂಗಾಯಿತು. ಗೌರಿ.

"ಅಪ್ಪಾ, ಅಮ್ಮ ಫೋನ್ ಮಾಡಿದ್ಲು. ಎಲ್ಲಿದ್ದಿ?"

"ಮೌಲಾಲಿ ಗುಡ್ಡದ ಹತ್ರ ಅದೀನಿ."

ಮುಂದಿನ ಪ್ರಶ್ನೆಗೆ ಕಾದೆ. ಅದಕ್ಕೊಂದು ಉತ್ತರ ಬೇಕೆಂದು ನನ್ನೊಳಗೆಲ್ಲ ತಡಕಾಡಿದೆ. ಹೇಳಬಹುದಾದ ಒಂದು ಕಾರಣವೂ ಅಲ್ಲಿರಲಿಲ್ಲ. ಹದಿನೈದರ ಹುಡುಗಿ ಇದನ್ನೇ ಎಲ್ಲರೆದುರು ಎಷ್ಟು ಸಲ ಒಬ್ಬಳೇ ಹುಡುಕಿದ್ದಳೋ ಎಂದು ಆ ಗಳಿಗೆಯಲ್ಲಿ ಹೊಳೆಯಿತು. ಆ ಕಡೆ ಲ್ಯಾಬಿನ ಯಂತ್ರ ಗುಂಯ್‌ಗುಟ್ಟುತ್ತಿತ್ತು. ಗೌರಿ ಆ ಪ್ರಶ್ನೆ ಕೇಳಲಿಲ್ಲ.

"ಊಟ ಮಾಡಿಯೇನು?"

"ಇಲ್ಲವ್ವಾ."

"ಬಿಸಿಲು ಭಾಳ ಐತಿ, ನೆರಳಿನ್ಯಾಗ ಕೂಡು. ಡ್ಯೂಟಿ ಮುಗಿಯಾಕ ಬಂತು. ನಾ ಬರ್ತೀನಿ ಅಲ್ಲಿಗೆ."

ರಸ್ತೆಯಾಚೆ ಒಂದು ಬೇವಿನ ಮರವಿತ್ತು. ದಾಟಿ ಹೋಗಿ ಅದರ ಕೆಳಗೆ ಕೂತೆ.