ಬೂದು ಪ್ಯಾಂಟಿನ ಸಾಕ್ಷಿ

ಟೈಲರ್ ಅಂಗಡಿ ಎಲ್ಲಿ ಎಂದು ಕೇಳಿದರೆ ಆ ಬೀದಿಯವರು ತಲೆ ಕೆರೆದುಕೊಳ್ಳುತ್ತಿದ್ದರು. ಹೊಟ್ಟೆಯ ಗಾತ್ರಕ್ಕೆ ಬೀದಿಯೇ ಇಟ್ಟ ಹೆಸರು ಹಿಡಿದು ಗುಡಾಣ ಮಾಸ್ಟರ್ ಎಲ್ಲಿ ಎಂದರೆ ಮಾತ್ರ ಹಾಲಿನ ಅಂಗಡಿಯವನಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರೂ ಬೆರಳನ್ನು ಮೇಲಕ್ಕೆ ತೋರಿಸುತ್ತಿದ್ದರು. ಅಂಗಡಿ ಇದ್ದದ್ದು ಎರಡನೇ ಮಹಡಿಯಲ್ಲಿ, ಮೂವತ್ತೆರಡು ಮೆಟ್ಟಿಲು. ಮಾಸ್ಟರ್ ಅದನ್ನು ಮೂರು ಕಂತಿನಲ್ಲಿ ಹತ್ತುತ್ತಿದ್ದರು. ಒಂದೊಂದು ಕಂತಿಗೂ ಬಲ ಮೊಣಕಾಲಿಗೆ ಒಂದೊಂದು ಬೈಗುಳ ಸಲ್ಲುತ್ತಿತ್ತು.

ಮೂಳೆ ಡಾಕ್ಟರು ಮುಲಾಜಿಲ್ಲದೆ ಹೇಳಿದ್ದರು: "ತೂಕ ಇಳಿಸಿ. ಇಲ್ಲಾಂದ್ರೆ ಇನ್ನೆರಡು ವರ್ಷಕ್ಕೆ ಪೆಡಲ್ಲೂ ಇಲ್ಲ, ಮೆಟ್ಟಿಲೂ ಇಲ್ಲ." ಪೆಡಲ್ ಹೋದರೆ ಮೆಷಿನ್ನಿಗೆ ಮೋಟರ್ ಹಾಕಿಸಬಹುದು. ಮೆಟ್ಟಿಲಿಗೆ ಯಾರು ಮೋಟರ್ ಹಾಕುತ್ತಾರೆ? ಅಂಗಡಿಗೆ ಹೋಗಲಾಗದ ಮಾಸ್ಟರ್ ಯಾವ ಸೀಮೆ ಮಾಸ್ಟರ್? ಅಂದೇ ಅವರು ಬಾಯಿಗೆ ಬೀಗ ಹಾಕಿದರು. ಹತ್ತು ತಿಂಗಳಲ್ಲಿ ಹದಿನೆಂಟು ಕಿಲೋ ಇಳಿಯಿತು. ಮೂವತ್ತೆರಡು ಮೆಟ್ಟಿಲನ್ನು ಒಂದೇ ಸಲಕ್ಕೆ ಹತ್ತಿದ ದಿನ, ಯಾರೂ ನೋಡಿರಲಾರರು ಎಂದು ಅನುಮಾನ ಬಂದು, ಇಳಿದು ಇನ್ನೊಮ್ಮೆ ಹತ್ತಿದರು.

ಆದರೆ ತೂಕ ಇಳಿಸುವುದು ಏನು ಮಹಾ! ಇಳಿದದ್ದನ್ನು ಇಳಿದಲ್ಲೇ ಕೂರಿಸುವುದೇ ಕಷ್ಟ. ಬಾಗಿಲಿಂದ ಅಟ್ಟಿದ ಬೆಕ್ಕು ಕಿಟಕಿಯಿಂದ ಬರುವ ಹಾಗೆ ಅದು ಬರುತ್ತದೆ. ಗಿರಾಕಿ ಚಹಾದ ಜೊತೆ ಬಿಸ್ಕತ್ತು ತರಿಸಿದರೆ ಮಾಸ್ಟರ್ ಅರ್ಧ ಮುರಿದು ತಿನ್ನುತ್ತಿದ್ದರು. ಉಳಿದರ್ಧ ತಟ್ಟೆಯಲ್ಲಿ ಅನಾಥವಾಗಿ ಕೂತಿರುವುದನ್ನು ನೋಡಲಾಗದೆ ಅದನ್ನೂ ತಿನ್ನುತ್ತಿದ್ದರು.

ತೂಕದ ಯಂತ್ರ ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಯಂತ್ರ ಸುಳ್ಳು ಹೇಳಬಹುದು, ನಾನು ಹೊಲಿದ ಪ್ಯಾಂಟು ಹೇಳಲ್ಲ" ಎಂದು ತೆಳ್ಳಗಾದ ಸೊಂಟದ ಅಳತೆಗೆ ಬೂದು ಬಣ್ಣದ ಒಂದು ಪ್ಯಾಂಟು ಹೊಲಿದುಕೊಂಡಿದ್ದರು. ಪ್ರತಿ ಸೋಮವಾರ ಬೆಳಿಗ್ಗೆ ಅದನ್ನು ತೊಡಬೇಕು. ಗುಂಡಿ ಸೇರಿತೋ, ಆ ವಾರ ಪಾಸು.

ಪ್ಯಾಂಟು ಹೊಲಿದ ಮೂರನೇ ತಿಂಗಳ ಒಂದು ಸೋಮವಾರ ಗುಂಡಿ ಸೇರಲಿಲ್ಲ. ಮಾಸ್ಟರ್ ಎರಡು ದಿನ ಬರೀ ನೀರು ಕುಡಿದರು. ಹೊಟ್ಟೆ ತಾಳ ಹಾಕುತ್ತಿದ್ದರೆ ಕೈಗೆ ಲಯ ಎಲ್ಲಿಂದ ಬರಬೇಕು? ಬ್ಯಾಂಕಿನ ಮ್ಯಾನೇಜರ್ ಅಂಗಿಗೆ ಎರಡೂ ಎಡತೋಳುಗಳನ್ನೇ ಕತ್ತರಿಸಿದರು. ಮನೆಯಲ್ಲಿ ಮಾತಾಡಿಸಿದವರ ಮೇಲೆಲ್ಲ ಹರಿಹಾಯ್ದರು. ಆದರೆ ಮುಂದಿನ ಸೋಮವಾರ ಗುಂಡಿ ಸಲೀಸಾಗಿ ಸೇರಿತು. ಅದರ ಮುಂದಿನ ವಾರವೂ ಸೇರಿತು. ಆಮೇಲೆ ಐದು ತಿಂಗಳು ಅದು ಒಮ್ಮೆಯೂ ಕೈಕೊಡಲಿಲ್ಲ.

"ನನ್ನ ಮೈ ಈಗ ಪಳಗಿದೆ" ಎಂದು ಮಾಸ್ಟರ್ ಮೀಸೆ ತಿರುವಿದರು. ಬಿಸ್ಕತ್ತನ್ನು ಮುರಿಯುವ ಶಾಸ್ತ್ರವೂ ನಿಂತುಹೋಯಿತು.

ಹೆಂಡತಿ ಒಮ್ಮೆ ಅವರ ಅಂಗಿಯ ಬಿಗಿಯಾದ ಕಾಲರ್ ಎಳೆದು ನೋಡಿದಳು. "ರೀ, ಪ್ಯಾಂಟಿಗೆ ಕತ್ತಿಲ್ಲ, ನಿಮಗಿದೆ. ಒಂದ್ಸಲ ಕನ್ನಡಿ ನೋಡ್ಕೊಳ್ಳಿ."

"ನಿನಗೆ ಹೊಟ್ಟೆಕಿಚ್ಚು" ಎಂದರು ಮಾಸ್ಟರ್.

ಒಂದು ಬೆಳಿಗ್ಗೆ ಇಪ್ಪತ್ತನೇ ಮೆಟ್ಟಿಲಲ್ಲಿ ಮೊಣಕಾಲು ಹಳೆಯ ದನಿಯಲ್ಲಿ ಮಾತಾಡಿತು. ಮಾಸ್ಟರ್ ಗೋಡೆ ಹಿಡಿದು ನಿಂತರು. ಕೆಳಗಿಳಿದು ಔಷಧಿ ಅಂಗಡಿಯ ಯಂತ್ರ ಹತ್ತಿದರೆ ಒಂಬತ್ತು ಕಿಲೋ ಹೆಚ್ಚು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಮಾಸ್ಟರ್ ಯಂತ್ರ ಕೆಟ್ಟಿದೆ ಎಂದರು. ಇನ್ನೊಂದು ಅಂಗಡಿಗೆ ಹೋಗಿ, ಚಪ್ಪಲಿ ಬಿಟ್ಟು, ಜೇಬಿನಿಂದ ಕತ್ತರಿ, ಕೊರಳಿನಿಂದ ಟೇಪು ತೆಗೆದಿಟ್ಟು ಹತ್ತಿದರು. ಅಲ್ಲಿಯೂ ಅಷ್ಟೇ, ಕತ್ತರಿಯ ಭಾರವೊಂದು ಕಡಿಮೆ.

ಮನೆಗೆ ಬಂದು ಬೂದು ಪ್ಯಾಂಟನ್ನು ಒಳಹೊರಗು ಮಾಡಿದರು. ಹಿಂಬದಿಯ ಹೊಲಿಗೆಯ ಪಕ್ಕದಲ್ಲಿ ಸೂಜಿಯ ತೂತುಗಳ ಮೂರು ಸಾಲುಗಳಿದ್ದವು. ಹೊಲಿಗೆ ಬಿಚ್ಚಿದರೂ ತೂತು ಉಳಿಯುತ್ತದೆ ಎಂಬುದನ್ನು ಟೈಲರಿಗೆ ಹೇಳಿಕೊಡಬೇಕೆ? ಯಾರೋ ಮೂರು ಸಲ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಎರಡೂ ಬದಿಗೆ ಅರ್ಧರ್ಧ ಇಂಚಾಗಿ ಹೊರಗೆ ಬಿಟ್ಟಿದ್ದರು. ಈಗಿದ್ದದ್ದು ಕೈಹೊಲಿಗೆ, ಸಣ್ಣದು, ಕೊನೆಯಲ್ಲಿ ಜೋಡಿ ಗಂಟು. ಆ ಗಂಟು ಹಾಕುವವರು ಒಬ್ಬರೇ. ಮಾಸ್ಟರಿಗೆ ಮೊದಲು ಸೂಜಿಗೆ ದಾರ ಪೋಣಿಸಲು ಕಲಿಸಿದವರೂ ಅವರೇ.

ಅಂಗಡಿಯ ಗುಂಡಿ, ಕಾಜಾ, ಇಸ್ತ್ರಿ ಕೆಲಸವನ್ನೆಲ್ಲ ಮನೆಯಲ್ಲೇ ಮಾಡುತ್ತಿದ್ದ ಅಮ್ಮ ಕಿಟಕಿಯ ಬಳಿ ಬಟಾಣಿ ಸುಲಿಯುತ್ತಿದ್ದರು.

"ಅಮ್ಮಾ, ಮೂರು ಸಲ ಬಿಚ್ಚಿದ್ದೀಯ!"

"ಮತ್ತೆ, ಒಳಗೆ ಬಟ್ಟೆ ಬಿಡೋದು ಯಾತಕ್ಕೆ?" ಅಮ್ಮ ತಲೆ ಎತ್ತಲಿಲ್ಲ.

"ಇದು ಮೋಸ ಅಲ್ವಾ? ಇದೊಂದನ್ನೇ ನಂಬ್ಕೊಂಡಿದ್ದೆ ನಾನು!"

ಬಟಾಣಿ ಸುಲಿಯುವ ಕೈ ನಿಂತಿತು. "ನಿಮ್ಮಪ್ಪ ಕಾಯಿಲೇಲಿ ಸೊರಗಿದ ಕೊನೇ ವರ್ಷ ಅವರ ಪ್ಯಾಂಟು ಐದು ಸಲ ಒಳಗೆ ಹಿಡಿದೆ ಕಣೋ, ಇದೇ ಕೈಯಲ್ಲಿ. ಪ್ರತಿ ಸಲ, 'ಇಷ್ಟಕ್ಕೆ ನಿಲ್ಲತ್ತೆ ಬಿಡೇ' ಅಂತಿದ್ರು. ನಿಲ್ಲಲಿಲ್ಲ. ನೀನೂ ಎರಡು ದಿನ ಊಟ ಬಿಟ್ಟು ಕೂತೆ. ನನಗೆ ತಡಕೊಳ್ಳಕ್ಕಾಗ್ಲಿಲ್ಲ. ಬಿಚ್ಚಿದೆ. ಬಿಚ್ಚಿದಾಗೆಲ್ಲ ಎಷ್ಟು ನೆಮ್ಮದಿ ಆಗ್ತಿತ್ತು ಗೊತ್ತಾ?"

ಮಾಸ್ಟರಿಗೆ ಬಂದಿದ್ದ ಕೋಪ ಎಲ್ಲಿ ಹೋಯಿತೋ. ಅಪ್ಪನ ಪ್ಯಾಂಟುಗಳು ನೆನಪಾದವು. ಅಮ್ಮನ ಕೈ ಹಿಡಿದು ಎಬ್ಬಿಸಿದರು. "ಬಾ, ಒಂದು ತೋರಿಸ್ತೀನಿ."

ಅಮ್ಮ ಅಂಗಡಿಯ ಮೆಟ್ಟಿಲ ಬುಡಕ್ಕೆ ಬಂದು ಎಷ್ಟೋ ವರ್ಷಗಳಾಗಿದ್ದವು. ಮಾಸ್ಟರ್ ಹತ್ತತೊಡಗಿದರು. ಹತ್ತರವರೆಗೆ ಜೋರು, ಹದಿನೈದಕ್ಕೆ ನಿಧಾನ. ಇಪ್ಪತ್ತಕ್ಕೆ ಒಂದು ಕೈ ಗೋಡೆಗೆ, ಒಂದು ಕೈ ಮೊಣಕಾಲಿಗೆ. ತಿರುಗಿ ಅಮ್ಮನನ್ನು ನೋಡಿ ನಗಲು ಹೋದರು, ಮುಖ ಒಪ್ಪಲಿಲ್ಲ. ಮನೆಯಲ್ಲಿ ಕೇಳಿಸುತ್ತಿದ್ದ ಮಗನ ಮಂಡಿನೋವಿನ ಪುರಾಣವನ್ನು ಅಮ್ಮ ಗಂಡಸರ ರಾಗ ಎಂದೇ ತಿಳಿದಿದ್ದರು.

"ಸಾಕು, ಇಳಿಯೋ" ಎಂದರು. ದನಿ ಸಣ್ಣದಾಗಿತ್ತು. "ನೋಡಿದೆ. ಇಳಿ."

ಅವತ್ತು ಮಧ್ಯಾಹ್ನ ಅಮ್ಮ ತಮ್ಮ ಹೊಲಿಗೆಯನ್ನು ತಾವೇ ಬಿಚ್ಚಿ, ಮಗನ ಮೊದಲ ತೂತುಗಳ ಮೇಲೆಯೇ ಮತ್ತೆ ಹೊಲಿದರು.

"ಇನ್ನು ಗುಂಡಿ ಸೇರಲ್ಲ."

"ಗೊತ್ತಮ್ಮ."

"ಉಪವಾಸ ಕೂರಬಾರದು. ಬಿಸ್ಕತ್ತು ಬಿಡು, ಊಟ ಬಿಡಬೇಡ."

"ಆಯ್ತು."

ಇನ್ನು ಮುಂದೆ ಆಸೆಯೇ ಬೇಡವೆಂದೋ ಏನೋ, ಒಳಗಿದ್ದ ಹೆಚ್ಚಿನ ಬಟ್ಟೆಗೆ ಅಮ್ಮ ಕತ್ತರಿ ಇಟ್ಟರು. ಮಾಸ್ಟರ್ ಆ ಕೈ ಹಿಡಿದುಕೊಂಡರು. "ಅದಿರಲಿ ಬಿಡಮ್ಮ, ನಿನ್ನ ನೆಮ್ಮದಿಗೆ."

ಊಟಕ್ಕೆ ಕೂತಾಗ ಅಮ್ಮ ಒಂದು ಸೌಟು ಬಡಿಸಿದರು. ಅಭ್ಯಾಸಬಲದಿಂದ ಎರಡನೆಯದೂ ಮೇಲೆದ್ದಿತು. ಮಗನ ತಟ್ಟೆಯ ಮೇಲೆ ಒಂದು ಗಳಿಗೆ ತಡೆದು, ಅವನ ಮೊಣಕಾಲಿನತ್ತ ನೋಡಿ, ಅದನ್ನು ತಮ್ಮ ತಟ್ಟೆಗೇ ಸುರಿದುಕೊಂಡರು.