ಬೆಲ್ಲದ ಮುದ್ರೆಯ ಮೇಲಿನ ಬಿರುಕು

ಕೋವಿಡ್ ಕಳೆದ ಮರುವರ್ಷದ ಮಾತು. ಹುಬ್ಬಳ್ಳಿಯ ಮಷಿನ್ ಶಾಪೊಂದರಲ್ಲಿ ಬಹಳ ವರ್ಷ ಆಪರೇಟರ್ ಆಗಿದ್ದ ನಾನು ಆಗ ಶಿರಸಿಯಲ್ಲಿ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷಿನ್ ಇಟ್ಟು ನನ್ನದೇ ಸಣ್ಣ ಕೆತ್ತನೆ ಅಂಗಡಿ ಹಾಕಿಕೊಂಡಿದ್ದೆ. ಬೋರ್ಡು, ಸ್ಮರಣಿಕೆ, ದೇವರ ಮಂಟಪದ ಬಾಗಿಲು, ಬಂದದ್ದನ್ನೆಲ್ಲ ಕೆತ್ತುತ್ತಿದ್ದೆ. ಹೆಂಗಸು ಮಷಿನ್ ಓಡಿಸುವುದನ್ನು ನೋಡಲೆಂದೇ ಒಳಗೆ ಬಂದು, ಆಮೇಲೆ ನಾಚಿಕೆಯಾಗಿ ಒಂದು ನೇಮ್‌ಪ್ಲೇಟ್ ಮಾಡಿಸಿಕೊಂಡು ಹೋದವರೂ ಇದ್ದಾರೆ. ಅವರಿಂದಲೂ ನನ್ನ ಹೊಟ್ಟೆ ತುಂಬಿದೆ.

ಮೊಬೈಲಿನ ಚಿತ್ರ ಕೊಟ್ಟು ಗುಂಡಿ ಒತ್ತಿದರೆ ಕೆತ್ತನೆ ಆಗಿಬಿಡುತ್ತದೆ ಎಂದು ಜನ ತಿಳಿದಿರುತ್ತಾರೆ. ಹಾಗಿಲ್ಲ. ಚಿತ್ರವೆಂದರೆ ಬರೀ ಚುಕ್ಕೆಗಳ ರಾಶಿ. ಮಷಿನ್ನಿಗೆ ಬೇಕಾದದ್ದು ಗೆರೆ. ಮೊದಲು ಚಿತ್ರವನ್ನು ಅಚ್ಚ ಕಪ್ಪು ಬಿಳುಪಿಗೆ ತಂದು, ಅಂಚುಗಳನ್ನು ಟ್ರೇಸ್ ಮಾಡಿ, ಬೇಡದ ಕಲೆಗಳನ್ನು ಅಳಿಸಿ, ಆ ಗೆರೆಗಳ ಮೇಲೆ ಕೊರೆಯುವ ಬಿಟ್ ಎಲ್ಲಿ ಇಳಿಯಬೇಕು, ಎಷ್ಟು ಆಳ ಹೋಗಬೇಕು, ಎಲ್ಲಿ ಮೇಲೇಳಬೇಕು ಎಂದು ದಾರಿ ಹಾಕಿಕೊಡಬೇಕು. ಅದಕ್ಕೆ ಟೂಲ್‌ಪಾತ್ ಎನ್ನುತ್ತೇವೆ. ಕಷ್ಟವಿರುವುದು ಅಳಿಸುವುದರಲ್ಲಿ. ಯಾವುದು ಕಲೆ, ಯಾವುದು ಚಿತ್ರ ಎಂದು ಕಂಪ್ಯೂಟರಿಗೆ ತಿಳಿಯುವುದಿಲ್ಲ.

ಗುಡ್ನಾಪುರದ ಕಡೆಯಿಂದ ಶೇಖರಪ್ಪ ಬಂದದ್ದು ಕಬ್ಬು ಅರೆಯುವ ಕಾಲದಲ್ಲಿ. ಅವರ ಮನೆತನದ ಬೆಲ್ಲ ಶಿರಸಿ, ಯಲ್ಲಾಪುರದ ಅಂಗಡಿಗಳಲ್ಲಿ ಹೆಸರಾದದ್ದು. ಬೆಲ್ಲದ ಅಚ್ಚು ಇನ್ನೂ ಮೆತ್ತಗಿರುವಾಗ ಮರದ ಮುದ್ರೆಯೊಂದನ್ನು ನೀರಿನಲ್ಲಿ ಅದ್ದಿ ಒತ್ತುತ್ತಿದ್ದರು. ದುಂಡನೆಯ ಗೆರೆಯೊಳಗೆ ಮೂರು ಕಬ್ಬಿನ ಜಲ್ಲೆ ಎದ್ದು ಕಾಣುತ್ತಿತ್ತು. ಆ ವರ್ಷ ಅಣ್ಣ ಚನ್ನಬಸಪ್ಪ, ತಮ್ಮ ಶೇಖರಪ್ಪ ಬೇರೆಯಾಗಿದ್ದರು.

ಅವರಲ್ಲಿ ಪಾಲು ಮಾಡುವ ಕ್ರಮ ಹೀಗೆ: ಅಣ್ಣ ಎರಡು ರಾಶಿ ಮಾಡಬೇಕು, ತಮ್ಮ ಮೊದಲು ಆರಿಸಬೇಕು. ಆರಿಸಿದ ಮೇಲೆ ಚಕಾರವೆತ್ತುವಂತಿಲ್ಲ. ಶೇಖರಪ್ಪ ಹೊಸ ಗಾಣವಿದ್ದ ರಾಶಿಗೆ ಕೈ ಇಟ್ಟರು. ಇನ್ನೊಂದು ರಾಶಿಯ ಬಕೆಟ್ಟಿನಲ್ಲಿ ಸೌಟು, ಜರಡಿಗಳ ನಡುವೆ ಮುದ್ರೆಯೂ ಬಿದ್ದಿತ್ತು. ಹೊಲದ ಬದುವಿನ ಮೇಲಿನ ಮರಗಳನ್ನೂ ಬಿಡದೆ ಹಂಚಿಕೊಂಡ ಜನರಲ್ಲಿ ಒಬ್ಬರಿಗೂ ಅದರ ನೆನಪಾಗಲಿಲ್ಲ.

ತನಗೂ ಅಂಥದೇ ಮುದ್ರೆ ಬೇಕೆಂದು, ಮನೆಯಲ್ಲಿ ಉಳಿದಿದ್ದ ಹಳೆಯ ಬೆಲ್ಲದ ಅಚ್ಚಿನ ಫೋಟೋ ತೆಗೆದು ಶೇಖರಪ್ಪ ನನಗೆ ವಾಟ್ಸಾಪಿನಲ್ಲಿ ಕಳಿಸಿದ್ದರು. ಮಸುಕು ಚಿತ್ರ. ದೊಡ್ಡದು ಮಾಡಿದಾಗ ಮೂರು ಜಲ್ಲೆಗಳನ್ನು ಓರೆಯಾಗಿ ದಾಟಿ ಹೋದ ಒಂದು ಸಣ್ಣ ಏಣು, ಉಬ್ಬಿದ ಗೆರೆ, ಕಾಣಿಸಿತು.

“ಇದು ಎಂತ ಗೆರೆ?” ಎಂದು ಕೇಳಿದೆ.

“ಅದು ಮುದ್ರಿ ಸೀಳಿದ್ದ ಗುರುತ್ರೀ ಅಕ್ಕಾರ. ತೆಗದುಬಿಡ್ರಿ. ಅಣ್ಣನ ಕಡೆ ಒಡಕಿಂದು ಇರ್ಲಿ, ನಂದು ಚೊಕ್ಕ ಇರಬೇಕು.”

ಅವರು ಹೇಳಿದಂತೆ ಗೆರೆ ತೆಗೆದೆ. ಉಳಿದ ಚಿತ್ರವನ್ನು ನಯಗೊಳಿಸಿ, ಒತ್ತಿದಾಗ ಸರಿಯಾಗಿ ಬರಲೆಂದು ಎಡಬಲ ತಿರುಗಿಸಿ, ಸಾಗವಾನಿ ತುಂಡಿನ ಮೇಲೆ ಅರವತ್ತು ಡಿಗ್ರಿ ಮೊನೆಯ ವಿ-ಬಿಟ್‌ನಿಂದ ಮೂರು ಮಿಲಿಮೀಟರ್ ಆಳಕ್ಕೆ ಕೆತ್ತಿದೆ. ವಿ-ಬಿಟ್ ಇಳಿಜಾರಾಗಿ ಕೊರೆಯುವುದರಿಂದ ಬೆಲ್ಲ ಒಳಗೆ ಅಂಟಿ ಕೂರುವುದಿಲ್ಲ. ಮುದ್ರೆ ಚೆಂದ ಬಂತು. ಶೇಖರಪ್ಪ ಖುಷಿಯಿಂದ ಅದನ್ನು ಶರ್ಟಿಗೇ ಒರೆಸಿಕೊಂಡು ಹೋದರು.

ಕೆಲವೇ ವಾರಗಳಲ್ಲಿ ಅದೇ ಮನುಷ್ಯ ಮುಖ ಸಪ್ಪಗೆ ಮಾಡಿಕೊಂಡು ಬಂದು ಮೇಜಿನ ಮೇಲೆ ಎರಡು ಅಚ್ಚು ಬೆಲ್ಲ ಇಟ್ಟರು. ಒಂದು ಅವರದು, ಇನ್ನೊಂದು ಅಣ್ಣನದು.

“ಅಂಗಡಿಯೋರು ಬ್ಯಾಡ ಅಂತಾರ್ರೀ. ಕೈಯಾಗ ಹಿಡದು ಹೆಬ್ಬೆರಳು ಆಡಿಸ್ತಾರ. ಗೆರಿ ಸಿಗಲಿಲ್ಲಂದ್ರ ಇದು ಆ ಮನಿ ಬೆಲ್ಲ ಅಲ್ಲ, ನಕಲಿ ಅಂತ ವಾಪಸ್ ಕೊಡ್ತಾರ. ಕೊಪ್ಪರಿಗಿ ಮೊದಲಿಂದ, ಪಾಕ ಮೊದಲಿಂದ, ಹದ ಹಿಡಿಯೋ ಕೈಯೂ ನಂದ.”

ನಾನೂ ಹೆಬ್ಬೆರಳು ಆಡಿಸಿ ನೋಡಿದೆ. ಅಣ್ಣನ ಬೆಲ್ಲದಲ್ಲಿ ಏಣು ತಟ್ಟನೆ ಸಿಕ್ಕಿತು. ಇಷ್ಟು ವರ್ಷ ವ್ಯಾಪಾರಿಗಳು ನಂಬಿದ್ದು ಜಲ್ಲೆಗಳನ್ನಲ್ಲ, ಈ ಏಣನ್ನು. ಜಲ್ಲೆ ಯಾರು ಬೇಕಾದರೂ ಕೆತ್ತಿಸಬಹುದು. ಬಿರುಕನ್ನು ಯಾರು ಕೆತ್ತಿಸಿಯಾರು? ಬೇರೆಯಾದ ಮೇಲೆ ಶೇಖರಪ್ಪ ತೆಗೆದ ಮೊದಲ ಬೆಲ್ಲ ಅದು, ಆ ವರ್ಷದ ದುಡಿಮೆಯೆಲ್ಲ ಅದರಲ್ಲೇ ಇತ್ತು. ಮಳೆ ಹಿಡಿಯುವುದರೊಳಗೆ ಮಾರದಿದ್ದರೆ ಬೆಲ್ಲ ನೀರೊಡೆದು ಕರಗುತ್ತದೆ.

“ಆ ಗೆರಿ ಕೆತ್ತಿಕೊಡ್ರಿ,” ಎಂದರು.

ನನಗೆ ಇಕ್ಕಟ್ಟಾಯಿತು. ಜಲ್ಲೆಯ ಚಿತ್ರ ಮನೆತನದ್ದು ಎಂದು ಮೊದಲ ಸಲ ಮನಸ್ಸು ಒಪ್ಪಿತ್ತು. ಬಿರುಕನ್ನು ನಕಲು ಮಾಡಿದರೆ ಅಣ್ಣನ ಹೊಟ್ಟೆಯ ಮೇಲೆ ಹೊಡೆದಂತೆ. ಮಾಡದಿದ್ದರೆ ಇವರ ಬೆಲ್ಲ ಮಣ್ಣುಪಾಲು. ಅಣ್ಣ ಒಪ್ಪಿದರೆ ಮಾತ್ರ ಕೆತ್ತುತ್ತೇನೆ ಎಂದೆ. ಶೇಖರಪ್ಪ ಅಣ್ಣನೊಡನೆ ಮಾತು ಬಿಟ್ಟಿದ್ದರು. ಬೆಲ್ಲವನ್ನೂ ಅಲ್ಲೇ ಬಿಟ್ಟು ಎದ್ದು ಹೋದರು.

ಮರುದಿನ ಚನ್ನಬಸಪ್ಪನವರೇ ಬಂದರು. ಸುದ್ದಿ ಅಂಗಡಿಯವರಿಂದ ಮುಟ್ಟಿತ್ತು. ಕೂರಿ ಎಂದರೆ ಕೂರಲಿಲ್ಲ.

“ನಮ್ಮನಿ ಗುರುತು ಕೆತ್ತಾಕ ನಿಮಗ ಯಾರು ಹೇಳಿದ್ರು?”

“ನಿಮ್ಮ ತಮ್ಮ. ಅವರೂ ನಿಮ್ಮನೆಯವರೇ ಅಲ್ವಾ?”

“ರಾಶಿ ಅಂವನ ಆರಿಸ್ಯಾನ. ನಾ ಏನೂ ಮುಚ್ಚಿಟ್ಟಿದ್ದಿಲ್ಲ. ಗಾಣ ನೋಡಿ ಬಾಯಿ ಬಿಟ್ಟ, ಮುದ್ರಿ ಮರತ. ಅದಕ್ಕ ನಾ ಏನ್ ಮಾಡ್ಲಿ?”

ಅವರ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ, ಅದೇ ಹೆಚ್ಚು ಬೇಸರ ತಂದದ್ದು. ಇಬ್ಬರೂ ಸರಿ, ನಡುವೆ ಬೆಲ್ಲ ಮಾತ್ರ ಕೊಳೆಯುತ್ತಿತ್ತು. ಆ ವಾರ ಮಷಿನ್ ಮುಂದೆ ನಿಂತರೂ ಮನಸ್ಸು ನಿಲ್ಲುತ್ತಿರಲಿಲ್ಲ. ಒಂದು ಬಿಟ್ ಮುರಿದುಕೊಂಡೆ.

ಕೊನೆಗೆ ಬಂದವರು ಅವರ ತಾಯಿ ನೀಲವ್ವ. ಬನವಾಸಿ ಬಸ್ಸಿಗೆ ಒಬ್ಬರೇ ಬಂದು, ಕೈಚೀಲದಿಂದ ಹಳೆಯ ಮುದ್ರೆ ತೆಗೆದು ನನ್ನ ಮುಂದಿಟ್ಟರು. ಹಿರಿಯ ಮಗನಿಗೆ ಹೇಳಿಯೇ ತಂದಿದ್ದರಂತೆ, ಕೇಳಿ ಅಲ್ಲ. ಕೈ ತಗುಲಿ ತಗುಲಿ ಮರ ಕಪ್ಪಾಗಿತ್ತು. ಸೀಳು ಅಗಲವಾಗದಂತೆ ಪಕ್ಕಕ್ಕೊಂದು ತಗಡಿನ ಪಟ್ಟಿ ಬಡಿದಿದ್ದರು.

“ಇದು ಹೆಂಗ ಸೀಳ್ತು ಗೊತ್ತೇನ್ ತಂಗಿ?” ಎಂದರು. “ಇವರಿಬ್ರೂ ಸಣ್ಣಾವ್ರಿದ್ದಾಗ ಮೊದಲ್ನೇ ಅಚ್ಚಿಗೆ ಮುದ್ರಿ ನಾ ಒತ್ತತೀನಿ, ನಾ ಒತ್ತತೀನಿ ಅಂತ ಒಬ್ಬ ಈ ಕಡೆ ಜಗ್ಗಿದ, ಒಬ್ಬ ಆ ಕಡೆ. ಕಲ್ಲಿನ ಮ್ಯಾಲ ಬಿತ್ತು. ಅವರಪ್ಪ ಬೈಲಿಲ್ಲ, ಹೊಸಾದೂ ಮಾಡಿಸ್ಲಿಲ್ಲ. ಪಟ್ಟಿ ಬಡದು, ಇದ ಇರ್ಲಿ, ನೋಡಿದಾಗೊಮ್ಮೆ ಇಬ್ರಿಗೂ ನೆನಪಾಗ್ಲಿ ಅಂದ್ರು.”

ಮುದ್ರೆಯನ್ನು ನನ್ನ ಕಡೆ ಸರಿಸಿದರು. “ಮುದ್ರಿ ಹಿರ್ಯಾಗ ಹೋತು, ಖರೆ. ಸೀಳಿದಾವ್ರು ಇಬ್ರು. ಇಬ್ರಿಗೂ ಕೆತ್ತು. ಗೆರಿ ಕೂದಲೆಳಿಯಷ್ಟೂ ಹೆಚ್ಚುಕಮ್ಮಿ ಆಗಬಾರದು.”

ತಾಯಿಯೇ ಹೇಳಿದ ಮೇಲೆ ಅಣ್ಣನ ಒಪ್ಪಿಗೆಗೆ ಕಾಯದೆ ಮುದ್ರೆಯನ್ನೇ ಸ್ಕ್ಯಾನ್ ಮಾಡಿದೆ. ಜಲ್ಲೆಗಳು ಸುಲಭವಾಗಿ ಬಂದವು. ಬಿರುಕು ಮಾತ್ರ ಸತಾಯಿಸಿತು. ಸಾಫ್ಟ್‌ವೇರ್ ಅದನ್ನು ತುಂಡು ತುಂಡು ಮಾಡಿ ಕಸವೆಂದು ಎಸೆಯುತ್ತಿತ್ತು, ಇಲ್ಲವೇ ನಯಗೊಳಿಸಿ ಚೆಂದದ ಬಳ್ಳಿಯಂತೆ ಬಳುಕಿಸುತ್ತಿತ್ತು. ಕೊನೆಗೆ ನಯಗೊಳಿಸುವುದನ್ನೇ ನಿಲ್ಲಿಸಿ, ಮೌಸ್ ಹಿಡಿದು ಒಂದೊಂದೇ ಬಿಂದು ಇಟ್ಟು ಸೀಳನ್ನು ಎಳೆದೆ. ಅದಕ್ಕೆ ಬೇರೆಯೇ ಟೂಲ್‌ಪಾತ್, ಚೂಪಾದ ಮೂವತ್ತು ಡಿಗ್ರಿ ಬಿಟ್. ಒಂದು ಜಗಳವನ್ನು ಅಷ್ಟು ಶ್ರದ್ಧೆಯಿಂದ ನಕಲು ಮಾಡಿದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ.

ನೀಲವ್ವ ಮಕ್ಕಳಿಬ್ಬರನ್ನೂ ಕರೆದುಕೊಂಡೇ ಬಂದರು. ಒಬ್ಬರು ಬಾಗಿಲ ಬಳಿ, ಒಬ್ಬರು ಕಂಪ್ರೆಸರ್ ಪಕ್ಕ ನಿಂತರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತಾಯಿ ಕಣ್ಣು ಮುಚ್ಚಿ, ಎರಡು ಹೊಸ ಮುದ್ರೆಗಳ ಮೇಲೂ ಹೆಬ್ಬೆರಳು ಆಡಿಸಿದರು. ಆಮೇಲೆ ಒಂದನ್ನು ಹಿರಿಯನಿಗೆ, ಒಂದನ್ನು ಕಿರಿಯನಿಗೆ ಕೊಟ್ಟರು.

“ಈಗ ಪಾಲು ಪೂರಾ ಆತು,” ಎಂದರು.

ಹಳೆಯದು ಅವರ ಚೀಲ ಸೇರಿತು. ಚನ್ನಬಸಪ್ಪ ಏನೋ ಕೇಳಲು ಬಾಯಿ ತೆರೆದರು.

“ಇದು ನಂದು,” ಎಂದು ತಾಯಿ ಹೊರಗೆ ನಡೆದರು. ಶೇಖರಪ್ಪ ಕಣ್ಣೊರೆಸಿಕೊಂಡರು. ಇಬ್ಬರೂ ಬೇರೆ ಬೇರೆ ಬೈಕಿನಲ್ಲಿ ಹೋದರು.

ಶೇಖರಪ್ಪ ಕೈಯಲ್ಲಿದ್ದ ಬೆಲ್ಲವನ್ನೆಲ್ಲ ಮತ್ತೆ ಕಾಯಿಸಿ, ಹೊಸ ಮುದ್ರೆ ಒತ್ತಿ, ಮಳೆಗೆ ಮೊದಲೇ ಮಾರಿದರೆಂದು ಆಮೇಲೆ ತಿಳಿಯಿತು. ಅಣ್ಣ ತಮ್ಮಂದಿರ ಮಾತು ಶುರುವಾದ ಸುದ್ದಿ ಈವರೆಗೆ ಬಂದಿಲ್ಲ. ಅಂದಿನಿಂದ ಯಾವ ಚಿತ್ರ ಬಂದರೂ ನಾನು ಎರಡು ಮಾತು ಕೇಳುತ್ತೇನೆ: ಇದು ನಿಮ್ಮದಲ್ಲದೆ ಇನ್ಯಾರದು, ಮತ್ತು ಈ ಕಲೆ ಹೇಗೆ ಬಂತು. ಲೋಗೋ ಮಾಡಿಸಲು ಬಂದವರಿಗೆ ಇದು ಅಧಿಕಪ್ರಸಂಗ ಅನ್ನಿಸುತ್ತದೆ. ಅನ್ನಿಸಲಿ.

ಈಗ ಅಂಗಡಿಗೆ ಬೆಲ್ಲಕ್ಕೆ ಹೋದರೆ ನನ್ನ ಹೆಬ್ಬೆರಳೂ ತಾನಾಗಿ ಅಚ್ಚಿನ ಮೇಲೆ ಆಡುತ್ತದೆ. ಗೆರೆ ಸಿಗುತ್ತದೆ. ಅದು ಅಣ್ಣನದೋ ತಮ್ಮನದೋ, ಕೆತ್ತಿದ ನನಗೂ ಗೊತ್ತಾಗುವುದಿಲ್ಲ.